ಅಂಕಿಗಳೆಲ್ಲವೂ ಸಂಖ್ಯೆಗಳಲ್ಲ

ಚಿಕ್ಕಬಳ್ಳಾಪುರ ಜಿಲ್ಲೆಯ ಚಿಂತಾಮಣಿ ತಾಲ್ಲೂಕಿನಲ್ಲಿರುವ ಕೈವಾರವೇ ಮಹಾಭಾರತದ ಏಕಚಕ್ರಪುರವೆಂದು ಆ ಸೀಮೆಯ ಜನರು ತಲೆತಲಾಂತರದಿಂದ ನಂಬಿಕೊಂಡು ಬಂದಿದ್ದಾರೆ. ಭೀಮಸೇನನು ಬಕಾಸುರನನ್ನು ಕೊಂದುದು ಇಲ್ಲಿಯೇ ಎಂಬುದು ಅವರ ನಂಬಿಕೆ. ಆ ರಕ್ಕಸನಿಗೆ ಊರವರು ಸರದಿಯಂತೆ ಒಪ್ಪಿಸಬೇಕಾಗಿದ್ದ ಕಪ್ಪವಾದರೂ ಎಂಥದು? ಒಂದು ಬಂಡಿ ಅನ್ನ, ಎರಡು ಕೋಣ, ಅವನ್ನು ಹೊಡೆದುಕೊಂಡು ಹೋಗುವ ಒಬ್ಬ ಮನುಷ್ಯ.

ಒಂದು, ಎರಡು, ಒಂದು. ಬರಿಯ ಅಂಕಿಗಳನ್ನು ನೋಡಿದರೆ ಮೂರೂ ಒಂದೇ ಜಾತಿಗೆ ಸೇರಿದಂತೆ ಕಾಣುತ್ತವೆ. ಆದರೆ ಕೊಂಚ ಯೋಚಿಸಿ ನೋಡೋಣ. ಅನ್ನವನ್ನು ನಾವು ಅಳೆಯುತ್ತೇವೆ; ಮುಕ್ಕಾಲು ಬಂಡಿ ಅನ್ನವೆಂದರೆ ಅದಕ್ಕೆ ಅರ್ಥವುಂಟು. ಕೋಣಗಳನ್ನು ಎಣಿಸುತ್ತೇವೆ, ಒಂದೂವರೆ ಕೋಣವೆಂಬುದಿಲ್ಲ. ಮನುಷ್ಯನ ವಿಷಯದಲ್ಲಿಯಾದರೋ ಎಣಿಕೆ ಸಾಲದು. ಇಂದು ಹೋಗಬೇಕಾದವನು ಯಾರ ಮನೆಯವನು, ಅವನ ಹೆಸರೇನು ಎಂಬುದೇ ಅಲ್ಲಿ ಮುಖ್ಯ. ಕೊನೆಯದಾಗಿ, ಈ ದಿನ ನಮ್ಮ ಮನೆಯ ಸರದಿಯೇ ಎಂದು ನಡುಗುತ್ತ ಕೇಳುವ ತಾಯಿಗೆ ಬೇಕಾದ ಉತ್ತರ ಒಂದೇ ಮಾತಿನದು: ಹೌದು, ಇಲ್ಲವೇ ಅಲ್ಲ.

ಎಣಿಕೆ, ಅಳತೆ, ಹೆಸರು, ಹೌದು-ಅಲ್ಲ. ಈ ನಾಲ್ಕನ್ನು ಮನುಷ್ಯನ ಬುದ್ಧಿ ಹೇಳಿಕೊಡದೆಯೇ ಬೇರ್ಪಡಿಸಿಕೊಳ್ಳುತ್ತದೆ. ಗಣಕಯಂತ್ರಕ್ಕೆ ಆ ಬುದ್ಧಿಯಿಲ್ಲ. ಆದುದರಿಂದ ಅದಕ್ಕೆ ಯಾವುದೇ ಮಾಹಿತಿಯನ್ನು ಕೊಡುವಾಗ, ಮಾಹಿತಿಯ ಜೊತೆಗೆ ಅದರ ಬಗೆಯನ್ನೂ ತಿಳಿಸಬೇಕಾಗುತ್ತದೆ. ಇದನ್ನೇ ದತ್ತಾಂಶದ ಬಗೆ ಎಂದು ಕರೆಯುವುದು. ಇಂದು ಶಾಲೆ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಕಲಿಯುತ್ತಿರುವ ಪೈಥಾನ್ ಎಂಬ ಗಣಕಭಾಷೆಯಲ್ಲಿ ಈ ಬಗೆಗಳು ಹೇಗಿವೆ, ಅವುಗಳಲ್ಲಿ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಒಂದೇ ಗುರುತು, ಎರಡು ಅರ್ಥ

ಗಣಕಯಂತ್ರದ ಒಳಗೆ ಅಕ್ಷರವೂ ಇಲ್ಲ, ಅಂಕಿಯೂ ಇಲ್ಲ. ಅಲ್ಲಿರುವುದು ಎರಡೇ ಸ್ಥಿತಿಗಳು. ಅವನ್ನು ನಾವು 0 ಮತ್ತು 1 ಎಂದು ಬರೆಯುತ್ತೇವೆ. ಇಂಥ ಒಂದೊಂದು ಗುರುತಿಗೂ ಬಿಟ್ ಎಂದು ಹೆಸರು. ಕಥೆ, ಚಿತ್ರ, ಹಾಡು, ಲೆಕ್ಕ ಎಲ್ಲವೂ ಈ ಬಿಟ್ಟುಗಳ ಸಾಲುಗಳೇ.

ಈಗ 110010010101 ಎಂಬ ಸಾಲನ್ನು ತೆಗೆದುಕೊಳ್ಳೋಣ. ಇದನ್ನು ದ್ವಿಮಾನ ಪದ್ಧತಿಯ ಸಂಖ್ಯೆಯೆಂದು ಓದಿದರೆ ಅದರ ಬೆಲೆ 3221. ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡಿರುವ ಯೂನಿಕೋಡ್ ಎಂಬ ಸಂಕೇತವ್ಯವಸ್ಥೆ ಉಂಟಷ್ಟೆ. ಅದರಲ್ಲಿ 3221 ಎಂದರೆ ಕನ್ನಡದ 'ಕ' ಅಕ್ಷರ. ಹಾಗಾದರೆ ಈ ಹನ್ನೆರಡು ಬಿಟ್ಟುಗಳು ಸೂಚಿಸುವುದು ಸಂಖ್ಯೆಯನ್ನೋ ಅಕ್ಷರವನ್ನೋ? ಬಿಟ್ಟುಗಳನ್ನು ಎಷ್ಟು ದಿಟ್ಟಿಸಿ ನೋಡಿದರೂ ಉತ್ತರ ಸಿಕ್ಕದು. ಅವನ್ನು ಅಲ್ಲಿ ಇಟ್ಟವರ ಉದ್ದೇಶವೇನು ಎಂಬುದೇ ಉತ್ತರ. ಆ ಉದ್ದೇಶವನ್ನು ಯಂತ್ರಕ್ಕೆ ತಿಳಿಸುವ ಸಾಧನವೇ ಬಗೆ.

ಬಗೆಯಿಂದ ಎರಡು ವಿಷಯಗಳು ನಿರ್ಧಾರವಾಗುತ್ತವೆ. ಮೊದಲನೆಯದು, ಬಿಟ್ಟುಗಳನ್ನು ಹೇಗೆ ಓದಬೇಕು ಎಂಬುದು. ಎರಡನೆಯದು, ಅವುಗಳ ಮೇಲೆ ಯಾವ ಕೆಲಸ ಮಾಡಬಹುದು, ಯಾವುದನ್ನು ಮಾಡಬಾರದು ಎಂಬುದು. ಎರಡು ತೂಕಗಳನ್ನು ಕೂಡಬಹುದು. ಎರಡು ಊರುಗಳ ಹೆಸರನ್ನು ಒಂದರಿಂದೊಂದು ಗುಣಿಸಲಾಗದು.

ಗೂಡಿನ ಚೀಟಿ

ಪೈಥಾನ್ ಭಾಷೆಯನ್ನು ರೂಪಿಸಿದವರು ನೆದರ್ಲೆಂಡಿನ ಗೀಡೊ ವಾನ್ ರಾಸಮ್. 1989ರ ಕ್ರಿಸ್‌ಮಸ್ ರಜೆಯಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಅವರು ಈ ಕೆಲಸವನ್ನು ಆರಂಭಿಸಿದರು. 1991ರ ಫೆಬ್ರವರಿಯಲ್ಲಿ ಅದು ಹೊರಬಿತ್ತು. ಹೆಸರನ್ನು ಕೇಳಿ ಹೆಬ್ಬಾವನ್ನು ನೆನೆಯುವವರೇ ಹೆಚ್ಚು. ಆದರೆ ಆ ಹೆಸರು ಬಂದುದು ಬಿ.ಬಿ.ಸಿ.ಯ 'ಮಾಂಟಿ ಪೈಥಾನ್' ಎಂಬ ಹಾಸ್ಯ ಕಾರ್ಯಕ್ರಮದಿಂದ. 2008ರ ಡಿಸೆಂಬರಿನಲ್ಲಿ ಬಂದ ಮೂರನೆಯ ಆವೃತ್ತಿಯಿಂದ ಮೊದಲಾಗಿ, ಬೆಲೆಗಳಿಗೆ ನಾವು ಇಡುವ ಹೆಸರುಗಳನ್ನು ಕನ್ನಡ ಲಿಪಿಯಲ್ಲಿಯೇ ಬರೆಯಲು ಈ ಭಾಷೆ ಅವಕಾಶ ಕೊಟ್ಟಿದೆ. ಈ ಅನುಕೂಲವನ್ನು ನಾವು ಇಲ್ಲಿ ಬಳಸಿಕೊಳ್ಳೋಣ.

ಕೈವಾರದ ಸುತ್ತಣ ಸೀಮೆ ಹಿಪ್ಪುನೇರಳೆಯ ಸೀಮೆ. ಸಮೀಪದ ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ದೊಡ್ಡ ಸರ್ಕಾರಿ ಮಾರುಕಟ್ಟೆಯಿದೆ. ಹುಳು ಹಣ್ಣಾಗಿ ಚಂದ್ರಿಕೆಯನ್ನೇರಿ ಗೂಡು ಕಟ್ಟಿದ ಮೇಲೆ ರೈತನು ಗೂಡನ್ನು ಬಿಡಿಸಿ ಮಾರುಕಟ್ಟೆಗೆ ತರುತ್ತಾನೆ. ಅಲ್ಲಿ ಅವನ ಗೂಡಿಗೆ ಒಂದು ಲಾಟು ಸಂಖ್ಯೆ ಬೀಳುತ್ತದೆ. ನೂಲು ಬಿಚ್ಚುವವರು ಹರಾಜಿನಲ್ಲಿ ಬೆಲೆ ಕೂಗುತ್ತಾರೆ. ಹಿಂದೆ ಬಾಯಿಂದ ಕೂಗುತ್ತಿದ್ದ ಬೆಲೆ ಈಗ ಗಣಕಯಂತ್ರದ ಮೂಲಕ ನಡೆಯುವ ಹರಾಜಿನಲ್ಲಿ ದಾಖಲಾಗುತ್ತದೆ. ಹಣವು ರೈತನ ಬ್ಯಾಂಕಿನ ಖಾತೆಗೆ ಸೇರುತ್ತದೆ. ತಿಂಗಳೊಪ್ಪತ್ತು ಒಂದು ಕುಟುಂಬವೆಲ್ಲ ಹಗಲಿರುಳು ಹುಳುವಿಗೆ ಸೊಪ್ಪು ಹಾಕಿದ ದುಡಿಮೆ ಕಡೆಗೆ ಕೆಲವು ಅಂಕಿ ಅಕ್ಷರಗಳಾಗಿ ಯಂತ್ರದೊಳಗೆ ಹೋಗುತ್ತದೆ. ಆ ಅಂಕಿ ಅಕ್ಷರಗಳನ್ನು ಯಂತ್ರವು ತಪ್ಪಾಗಿ ತಿಳಿದುಕೊಂಡರೆ ನಷ್ಟ ಯಾರದೆಂದು ಬೇರೆ ಹೇಳಬೇಕಾಗಿಲ್ಲ.

ಅಂಥ ಒಂದು ಚೀಟಿಯನ್ನು ಉದಾಹರಣೆಗಾಗಿ ನಾವೇ ಕಲ್ಪಿಸಿಕೊಂಡು ಪೈಥಾನಿನಲ್ಲಿ ಬರೆಯೋಣ:

ಊರು = "ಕೈವಾರ"
ಲಾಟು = "0417"
ಮೊಟ್ಟೆ = 100
ತೂಕ = 64.25
ದರ = 1020
ಮೊತ್ತ = ತೂಕ * ದರ

ಮೊಟ್ಟೆಯೆಂದರೆ ಇಲ್ಲಿ ಬಿಡಿ ಮೊಟ್ಟೆಯಲ್ಲ. ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಒಂದು ಗುಂಪು. ತೂಕ ಕಿಲೋಗ್ರಾಮಿನಲ್ಲಿದೆ, ದರ ಕಿಲೋ ಒಂದಕ್ಕೆ ಇಷ್ಟು ರೂಪಾಯಿ ಎಂದು. ಸಮ ಚಿಹ್ನೆಯು ಬೀಜಗಣಿತದ ಸಮೀಕರಣವನ್ನು ಸೂಚಿಸುವುದಿಲ್ಲ. ಬಲಗಡೆಯ ಬೆಲೆಗೆ ಎಡಗಡೆಯ ಹೆಸರನ್ನು ಅಂಟಿಸು ಎಂದು ಅದರ ಅರ್ಥ. ನಕ್ಷತ್ರ ಚಿಹ್ನೆ ಗುಣಾಕಾರದ್ದು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಯಾವುದು ಯಾವ ಬಗೆಯೆಂದು ನಾವು ಎಲ್ಲಿಯೂ ಬಾಯಿಬಿಟ್ಟು ಹೇಳಿಲ್ಲ. ಬರೆದ ರೀತಿಯಿಂದಲೇ ಪೈಥಾನ್ ಅದನ್ನು ಅರಿತುಕೊಂಡಿತು. ಉದ್ಧರಣ ಚಿಹ್ನೆಗಳ ನಡುವೆ ಬರೆದುದು ಅಕ್ಷರಮಾಲೆ. ಬಿಂದುವಿಲ್ಲದ ಅಂಕಿ ಪೂರ್ಣಾಂಕ. ಬಿಂದುವಿರುವ ಅಂಕಿ ದಶಮಾಂಶ. ಬಗೆಯು ಬೆಲೆಗೆ ಸೇರಿದ್ದೇ ಹೊರತು ಹೆಸರಿಗೆ ಸೇರಿದ್ದಲ್ಲ. ಬುಟ್ಟಿಯ ಮೇಲಣ ಚೀಟಿಯನ್ನು ಬಿಚ್ಚಿ ಇನ್ನೊಂದು ಬುಟ್ಟಿಗೆ ಕಟ್ಟಬಹುದು. ಅದರಿಂದ ಬುಟ್ಟಿಯೊಳಗಿನ ಗೂಡು ಬದಲಾಗುವುದಿಲ್ಲ. 'ಟೈಪ್' ಎಂಬ ಆಜ್ಞೆಯಿಂದ ಕೇಳಿದರೆ ಯಾವ ಬೆಲೆ ಯಾವ ಬಗೆಯದೆಂದು ಪೈಥಾನ್ ತಾನೇ ಹೇಳುತ್ತದೆ.

ಎಣಿಕೆಯ ಬಗೆ

ಪೂರ್ಣಾಂಕಗಳ ಬಗೆಗೆ ಪೈಥಾನಿನಲ್ಲಿ 'ಇಂಟ್' ಎಂದು ಹೆಸರು. ಮೊಟ್ಟೆಗಳು, ಕೋಣಗಳು, ತರಗತಿಯ ವಿದ್ಯಾರ್ಥಿಗಳು, ಹೀಗೆ ಎಣಿಸಬಹುದಾದ ಎಲ್ಲಕ್ಕೂ ಇದೇ ತಕ್ಕುದು. ಸೊನ್ನೆಯೂ ಋಣಸಂಖ್ಯೆಗಳೂ ಇದರಲ್ಲಿ ಸೇರಿವೆ.

ನಮ್ಮ ಚೀಟಿಯ ಮೊತ್ತವನ್ನು ಗುಣಿಸಿ ನೋಡಿದರೆ 65,535 ರೂಪಾಯಿ ಆಗುತ್ತದೆ. ಈ ಮೊತ್ತವನ್ನು ನಾವು ಬೇಕೆಂದೇ ಆರಿಸಿಕೊಂಡಿದ್ದೇವೆ. ಹದಿನಾರು ಬಿಟ್ಟುಗಳ ಒಂದು ಕೋಷ್ಠದಲ್ಲಿ ಹಿಡಿಸಬಹುದಾದ ಅತ್ಯಂತ ದೊಡ್ಡ ಸಂಖ್ಯೆ ಇದೇ. ಇಂಥ ಕೋಷ್ಠದಲ್ಲಿ ರೈತನ ಹಣವನ್ನು ಬರೆದಿಟ್ಟು ಇನ್ನೊಂದೇ ರೂಪಾಯಿ ಕೂಡಿದರೆ, ಹದಿನಾರು ಬಿಟ್ಟುಗಳೂ ಮಗುಚಿ ಸೊನ್ನೆಯಾಗುತ್ತವೆ. ಹಳೆಯ ಮೋಟಾರು ಗಾಡಿಯ ಮೈಲಿಗಣಕವು 99999 ಆದ ಮೇಲೆ 00000 ತೋರಿಸುವಂತೆಯೇ ಇದು.

ಇದು ಬರಿಯ ಊಹೆಯಲ್ಲ. 1996ರ ಜೂನ್ 4ರಂದು ಐರೋಪ್ಯ ರಾಷ್ಟ್ರಗಳ ಏರಿಯಾನ್-5 ರಾಕೆಟ್ಟು ಮೊದಲ ಬಾರಿಗೆ ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಿಂದ ಮೇಲೆದ್ದಿತು. ಅದರ ಪಥದರ್ಶಕ ಯಂತ್ರದಲ್ಲಿದ್ದ ಕ್ರಮವಿಧಿಯು ಹಿಂದಿನ ಏರಿಯಾನ್-4ಕ್ಕಾಗಿ ಬರೆದುದು. ಅದು ಅಡ್ಡವೇಗಕ್ಕೆ ಸಂಬಂಧಿಸಿದ ಒಂದು ದಶಮಾಂಶ ಬೆಲೆಯನ್ನು ಹದಿನಾರು ಬಿಟ್ಟುಗಳ ಪೂರ್ಣಾಂಕವಾಗಿ ಬದಲಾಯಿಸುತ್ತಿದ್ದಿತು. ಋಣಸಂಖ್ಯೆಗಳಿಗೂ ಎಡೆಯಿರುವ ಆ ಬಗೆಯ ಕೋಷ್ಠದ ಮೇಲ್ಮಿತಿ 32,767. ಹೊಸ ರಾಕೆಟ್ಟು ಹಳೆಯದಕ್ಕಿಂತ ಬಿರುಸಾಗಿ ಹಾರಿತು. ಬೆಲೆ ಮಿತಿಯನ್ನು ಮೀರಿತು. ಪಥದರ್ಶಕ ಯಂತ್ರವು ಕೆಲಸ ನಿಲ್ಲಿಸಿತು. ಸುಮಾರು 40 ಸೆಕೆಂಡುಗಳಲ್ಲಿ ರಾಕೆಟ್ಟೂ ಅದರಲ್ಲಿದ್ದ ನಾಲ್ಕು ಉಪಗ್ರಹಗಳೂ ಚೂರುಚೂರಾದುವು.

ಪೈಥಾನಿನ ಪೂರ್ಣಾಂಕಕ್ಕೆ ಇಂಥ ಕಟ್ಟಳೆಯಿಲ್ಲ. ಸಂಖ್ಯೆ ಬೆಳೆದಂತೆ ಅದಕ್ಕೆ ಬೇಕಾದಷ್ಟು ಜಾಗವನ್ನು ಅದು ತಾನಾಗಿಯೇ ಒದಗಿಸಿಕೊಡುತ್ತದೆ. ಚದುರಂಗದ ಮೊದಲ ಮನೆಗೆ ಒಂದು ಕಾಳು, ಮುಂದಣ ಮನೆಗೆ ಅದರ ಇಮ್ಮಡಿ ಎಂದು ಅರವತ್ತನಾಲ್ಕು ಮನೆಗಳನ್ನು ತುಂಬಿದರೆ ಎಷ್ಟು ಕಾಳು ಎಂಬ ಪ್ರಸಿದ್ಧವಾದ ಲೆಕ್ಕವನ್ನು ಅದಕ್ಕೆ ಕೊಡಿರಿ. ಅದು ಒಂದಂಕಿಯೂ ತಪ್ಪದೆ 18446744073709551615 ಎಂದು ಉತ್ತರಿಸುತ್ತದೆ.

ಭಾಗಾಕಾರದಲ್ಲಿ ಮಾತ್ರ ಎಚ್ಚರಿಕೆ ಬೇಕು. ಒಂದು ಓರೆಗೆರೆ ಹಾಕಿ 7 / 2 ಎಂದರೆ 3.5 ಬರುತ್ತದೆ. ಎರಡು ಓರೆಗೆರೆ ಹಾಕಿ 7 // 2 ಎಂದರೆ ಭಾಗಲಬ್ಧದ ಪೂರ್ಣಭಾಗವಾದ 3 ಮಾತ್ರ ಬರುತ್ತದೆ. 6 / 2 ಎಂದಾಗಲೂ ಉತ್ತರ 3 ಅಲ್ಲ, 3.0. ಬೆಲೆ ಒಂದೇ ಆದರೂ ಬಗೆ ಬೇರೆ; ಎಣಿಕೆಯು ಅಳತೆಯಾಗಿ ಮಾರ್ಪಟ್ಟಿದೆ.

ಅಳತೆಯ ಬಗೆ

ದಶಮಾಂಶ ಬಿಂದುವಿರುವ ಸಂಖ್ಯೆಗಳ ಬಗೆಗೆ 'ಫ್ಲೋಟ್' ಎಂದು ಹೆಸರು. ಫ್ಲೋಟ್ ಎಂದರೆ ತೇಲುವುದು. ಬಿಂದುವು ಒಂದೆಡೆ ನಿಲ್ಲದೆ ಸಂಖ್ಯೆಯ ಗಾತ್ರಕ್ಕೆ ತಕ್ಕಂತೆ ಅತ್ತಿತ್ತ ಸರಿಯುವುದರಿಂದ ಈ ಹೆಸರು ಬಂದಿದೆ. ತೂಕ, ಉದ್ದ, ಉಷ್ಣತೆ, ಮಳೆಯ ಪ್ರಮಾಣ ಮುಂತಾದ ಅಳತೆಗಳಿಗೆ ಇದು ಸರಿಹೊಂದುತ್ತದೆ.

ಇದರಲ್ಲಿ ಹೊಸಬರನ್ನು ಬೆಚ್ಚಿಬೀಳಿಸುವ ಒಂದು ಸಂಗತಿಯಿದೆ. ಪೈಥಾನಿಗೆ 0.1 + 0.2 ಎಷ್ಟೆಂದು ಕೇಳಿದರೆ ಅದು 0.30000000000000004 ಎನ್ನುತ್ತದೆ! ಯಂತ್ರ ಕೆಟ್ಟಿದೆಯೇ? ಇಲ್ಲ. ನಮ್ಮ ದಶಮಾನ ಪದ್ಧತಿಯಲ್ಲಿ ಮೂರನೆಯ ಒಂದು ಭಾಗವನ್ನು ಬರೆಯಹೊರಟರೆ 0.3333 ಎಂದು ಮೂರುಗಳು ಮುಗಿಯುವುದೇ ಇಲ್ಲವಷ್ಟೆ. ಹಾಗೆಯೇ ದ್ವಿಮಾನ ಪದ್ಧತಿಯಲ್ಲಿ ಹತ್ತನೆಯ ಒಂದು ಭಾಗವನ್ನು ಬರೆದು ಮುಗಿಸಲು ಸಾಧ್ಯವಿಲ್ಲ. ಫ್ಲೋಟಿಗೆ ದೊರೆಯುವುದು ಒಟ್ಟು 64 ಬಿಟ್ಟುಗಳು; ಅವುಗಳಲ್ಲಿ ಸಂಖ್ಯೆಯ ಅಂಕಿಗಳಿಗೆ ಒದಗುವ ನಿಖರತೆ 53 ಬಿಟ್ಟುಗಳಷ್ಟು, ಎಂದರೆ ನಮ್ಮ ಲೆಕ್ಕದಲ್ಲಿ ಸುಮಾರು ಹದಿನೈದು ಹದಿನಾರು ಅಂಕಿಗಳು. ಅಲ್ಲಿಗೆ ಸಾಲನ್ನು ಕತ್ತರಿಸಲೇಬೇಕು. ಕತ್ತರಿಸಿದ ಚೂರು ಅತಿ ಸಣ್ಣದು, ಆದರೆ ಸೊನ್ನೆಯಲ್ಲ. 0.1ನ್ನು ಒಂದೊಂದಾಗಿ ಹತ್ತು ಸಾರಿ ಕೂಡಿದರೆ 1 ಬರುವುದಿಲ್ಲ, 0.9999999999999999 ಬರುತ್ತದೆ. ನಮ್ಮ ಚೀಟಿಯ 64.25 ಮಾತ್ರ ಲೇಶವೂ ತಪ್ಪದೆ ಉಳಿಯುತ್ತದೆ. ಏಕೆಂದರೆ ಕಾಲು ಎಂಬುದು ಅರ್ಧದ ಅರ್ಧ. ದ್ವಿಮಾನ ಪದ್ಧತಿಗೆ ಅದು ಪೂರ್ತಿ ಒಗ್ಗುತ್ತದೆ.

ಇಷ್ಟು ಸಣ್ಣ ಚೂರಿನಿಂದ ಏನು ಕೆಟ್ಟೀತು ಎಂದು ಕೇಳಬಹುದು. ಚೂರುಗಳು ಒಟ್ಟುಗೂಡಿದರೆ ಕೆಡುತ್ತದೆ. 1991ರ ಫೆಬ್ರವರಿ 25ರಂದು, ಕೊಲ್ಲಿ ಯುದ್ಧದ ಕಾಲದಲ್ಲಿ, ಸೌದಿ ಅರೇಬಿಯದ ದಹ್ರಾನಿನಲ್ಲಿ ಅಮೆರಿಕದ ಪೇಟ್ರಿಯಟ್ ಎಂಬ ಕ್ಷಿಪಣಿ-ನಿರೋಧಕ ವ್ಯವಸ್ಥೆಯೊಂದು ಕಾವಲಿದ್ದಿತು. ಅದು ಕಾಲವನ್ನು ಸೆಕೆಂಡಿನ ಹತ್ತನೆಯ ಭಾಗಗಳಲ್ಲಿ ಎಣಿಸುತ್ತಿದ್ದಿತು. ಆ ಎಣಿಕೆಯನ್ನು ಸೆಕೆಂಡಿಗೆ ತಿರುಗಿಸಲು 24 ಬಿಟ್ಟುಗಳಿಗೆ ಕತ್ತರಿಸಿದ 0.1ರಿಂದ ಗುಣಿಸುತ್ತಿದ್ದಿತು. ಯಂತ್ರವನ್ನು ನಿಲ್ಲಿಸದೆ ಸುಮಾರು 100 ಗಂಟೆಗಳ ಕಾಲ ಓಡಿಸಿದ್ದರಿಂದ ಲೆಕ್ಕದಲ್ಲಿ ಸೆಕೆಂಡಿನ ಮೂರನೆಯ ಒಂದು ಭಾಗದಷ್ಟು ತಪ್ಪು ಕೂಡಿಕೊಂಡಿತು. ಅಷ್ಟು ಹೊತ್ತಿನಲ್ಲಿ ಸ್ಕಡ್ ಕ್ಷಿಪಣಿಯು ಅರ್ಧ ಕಿಲೋಮೀಟರಿಗೂ ಹೆಚ್ಚು ದೂರವನ್ನು ಕ್ರಮಿಸುತ್ತದೆ. ಪೇಟ್ರಿಯಟ್ ಅದನ್ನು ಇಲ್ಲದ ಕಡೆಯಲ್ಲಿ ಹುಡುಕಿತು. ಕ್ಷಿಪಣಿ ಸೈನಿಕರ ಬೀಡಿನ ಮೇಲೆ ಬಿದ್ದು 28 ಮಂದಿ ಸತ್ತರು.

ಇದರಿಂದ ನಾವು ಕಲಿಯಬೇಕಾದುದು ಎರಡು. ಫ್ಲೋಟ್ ಬಗೆಯ ಎರಡು ಬೆಲೆಗಳು ಪೂರ್ತಿ ಸಮವೇ ಎಂದು ಕೇಳಬಾರದು; ಅವುಗಳ ನಡುವಣ ಅಂತರವು ಸಾಕಷ್ಟು ಸಣ್ಣದೇ ಎಂದು ಕೇಳಬೇಕು. ಹಣದ ಲೆಕ್ಕಕ್ಕೆ ಫ್ಲೋಟನ್ನು ನೆಚ್ಚಬಾರದು. ರೂಪಾಯಿಯನ್ನು ಪೈಸೆಯಾಗಿಸಿ ಪೂರ್ಣಾಂಕದಲ್ಲಿ ಇಡಬೇಕು, ಇಲ್ಲವೇ ಪೈಥಾನಿನಲ್ಲಿ ಇದಕ್ಕೆಂದೇ ಇರುವ 'ಡೆಸಿಮಲ್' ಎಂಬ ಬಗೆಯನ್ನು ಬಳಸಬೇಕು. ಏಕೆಂದರೆ ಹಣವು ಅಳೆಯುವ ವಸ್ತುವಲ್ಲ, ಎಣಿಸುವ ವಸ್ತು.

ಹೆಸರಿನ ಬಗೆ

ಅಕ್ಷರಗಳ ಸಾಲಿಗೆ 'ಸ್ಟ್ರಿಂಗ್' ಎಂದು ಹೆಸರು. ದಾರದಲ್ಲಿ ಪೋಣಿಸಿದ ಮಣಿಗಳಂತೆ ಅಕ್ಷರಗಳು ಇದರಲ್ಲಿ ಕ್ರಮವಾಗಿ ನಿಲ್ಲುತ್ತವೆ. ಆದುದರಿಂದ ಅಕ್ಷರಮಾಲೆಯೆಂಬ ಮಾತು ಇದಕ್ಕೆ ಚೆನ್ನಾಗಿ ಒಪ್ಪುತ್ತದೆ.

"ಕೈವಾರ" ಎಂಬ ಮಾಲೆಯಲ್ಲಿ ಎಷ್ಟು ಮಣಿಗಳಿವೆ? ಓದುವವರಿಗೆ ಕೈ, ವಾ, ರ ಎಂಬ ಮೂರು ಅಕ್ಷರಗಳು. ಪೈಥಾನನ್ನು ಕೇಳಿದರೆ ಅದು ಐದು ಎನ್ನುತ್ತದೆ. ಯೂನಿಕೋಡಿನಲ್ಲಿ ಐತ್ವವೂ ದೀರ್ಘವೂ ಬೇರೆಬೇರೆ ಮಣಿಗಳಾದುದರಿಂದ ಕ, ಐತ್ವ, ವ, ದೀರ್ಘ, ರ ಎಂದು ಐದಾಗುತ್ತವೆ. ಇದಕ್ಕಿಂತಲೂ ವಿಚಿತ್ರವಾದುದು ಇನ್ನೊಂದಿದೆ. ಐತ್ವವನ್ನು ಒಂದೇ ಗುರುತಾಗಿಯೂ ಸಂಕೇತಿಸಬಹುದು. ಎತ್ವ ಮತ್ತು ಅದರ ಕೆಳಗಿನ ಕೊಂಬು ಎಂದು ಎರಡು ಗುರುತುಗಳಾಗಿಯೂ ಸಂಕೇತಿಸಬಹುದು. ಎರಡನೆಯ ರೀತಿಯಲ್ಲಿ "ಕೈವಾರ" ಆರು ಮಣಿಗಳ ಮಾಲೆ. ಪರದೆಯ ಮೇಲೆ ಎರಡೂ ಒಂದೇ ಆಗಿ ಕಾಣುತ್ತವೆ. ಆದರೆ ಇವೆರಡೂ ಸಮವೇ ಎಂದು ಕೇಳಿದರೆ ಪೈಥಾನ್ ಅಲ್ಲವೆನ್ನುತ್ತದೆ. ಕೈವಾರದ ರೈತರ ಪಟ್ಟಿಯನ್ನು ಹುಡುಕಿದಾಗ ಕೆಲವರ ಹೆಸರು ಸಿಕ್ಕದೆ ಹೋಗುವುದಕ್ಕೆ ಇಷ್ಟು ಕಾರಣ ಸಾಕು. ಇಂಥ ಮಾಲೆಗಳನ್ನು ಮೊದಲು ಒಂದೇ ರೂಪಕ್ಕೆ ತರುವ ಸಲಕರಣೆ ಪೈಥಾನಿನ ಭಂಡಾರದಲ್ಲಿಯೇ ಇದೆ. ಕನ್ನಡದಲ್ಲಿ ಕೆಲಸ ಮಾಡುವವರು ಅದನ್ನು ಮರೆಯಬಾರದು.

ಈಗ ನಮ್ಮ ಲೇಖನದ ತಿರುಳಿಗೆ ಬರೋಣ. ಚೀಟಿಯಲ್ಲಿ ಲಾಟು ಸಂಖ್ಯೆಯನ್ನು ಉದ್ಧರಣ ಚಿಹ್ನೆಗಳ ನಡುವೆ ಬರೆದಿದ್ದೇವೆ. ಅದೇಕೆ? ಅದರಲ್ಲಿರುವುದು ಬರಿಯ ಅಂಕಿಗಳೇ ಅಲ್ಲವೇ?

ಅಂಚೆಯ ಪಿನ್ ಸಂಖ್ಯೆಯನ್ನು ನೋಡಿರಿ. ಕೈವಾರದ್ದು 563128, ಚಿಂತಾಮಣಿಯದು 563125. ಇವೆರಡನ್ನೂ ಕೂಡಿದರೆ 1126253 ಎಂಬ ಉತ್ತರವೇನೋ ಬರುತ್ತದೆ. ಆದರೆ ಅದು ಯಾವ ಊರಿನದೂ ಅಲ್ಲ. ಕೂಡುವುದರಿಂದ ಅರ್ಥ ಹುಟ್ಟದಿದ್ದರೆ ಅದು ಸಂಖ್ಯೆಯಲ್ಲ. ಅಂಕಿಗಳ ವೇಷ ತೊಟ್ಟ ಹೆಸರು. ಲಾಟು, ಪಿನ್, ದೂರವಾಣಿ, ಬ್ಯಾಂಕಿನ ಖಾತೆ ಇವೆಲ್ಲವೂ ಈ ಜಾತಿಗೆ ಸೇರಿದವು.

ಹೆಸರನ್ನು ಸಂಖ್ಯೆಯೆಂದು ಭ್ರಮಿಸಿದರೆ ಆಗುವ ಮೊದಲ ಅನಾಹುತವೆಂದರೆ ಎಡಗಡೆಯ ಸೊನ್ನೆ ಅಳಿಸಿಹೋಗುವುದು. "0417" ಎಂಬ ಮಾಲೆಯನ್ನು ಪೂರ್ಣಾಂಕವಾಗಿಸಿದರೆ 417 ಉಳಿಯುತ್ತದೆ. ಗಣಿತಕ್ಕೆ ಎರಡೂ ಒಂದೇ. ಆದರೆ ಕೆಲವು ಬ್ಯಾಂಕುಗಳ ಖಾತೆಯ ಸಂಖ್ಯೆ ಸೊನ್ನೆಯಿಂದಲೇ ಆರಂಭವಾಗುತ್ತದೆ. ಸೊನ್ನೆ ಹೋದರೆ ಅದು ಆ ರೈತನ ಖಾತೆಯೇ ಅಲ್ಲ. ಉದ್ಧರಣ ಚಿಹ್ನೆಯಿಲ್ಲದೆ 0417 ಎಂದು ಬರೆದರೆ ಪೈಥಾನಿನ ಮೂರನೆಯ ಆವೃತ್ತಿ ಮುಂದುವರಿಯದೆ ತಪ್ಪೆಂದು ಸಾರುತ್ತದೆ. ಇದು ಉಪಕಾರವೇ ಸರಿ. ಎಲ್ಲ ತಂತ್ರಾಂಶಗಳೂ ಇಷ್ಟು ಎಚ್ಚರವಾಗಿರುವುದಿಲ್ಲ. ಲೆಕ್ಕಪಟ್ಟಿಯ ತಂತ್ರಾಂಶಗಳು ಜೀವಿಗಳ ಕೆಲವು ಜೀನ್‌ಗಳ ಹೆಸರನ್ನು ದಿನಾಂಕವೆಂದು ತಿಳಿದು ತಾವಾಗಿಯೇ ತಿದ್ದುತ್ತಿದ್ದುವು. 'ಮಾರ್ಚ್1' ಎಂಬ ಜೀನು ಮಾರ್ಚ್ ತಿಂಗಳ ಮೊದಲ ತಾರೀಖಾಗುತ್ತಿದ್ದಿತು. ಈ ಕಾಟವನ್ನು ತಾಳಲಾರದೆ ವಿಜ್ಞಾನಿಗಳು 2020ರಲ್ಲಿ ಆ ಜೀನ್‌ಗಳ ಹೆಸರನ್ನೇ ಬದಲಾಯಿಸಿದರು.

ಸಂಖ್ಯೆಯನ್ನು ಹೆಸರೆಂದು ಭ್ರಮಿಸಿದರೂ ಅನಾಹುತವೇ. ಕೀಲಿಮಣೆಯಿಂದ ನಾವು ಒತ್ತಿ ಕಳುಹಿಸಿದುದೆಲ್ಲವೂ ಪೈಥಾನಿಗೆ ಮೊದಲು ಅಕ್ಷರಮಾಲೆಯಾಗಿಯೇ ತಲಪುತ್ತದೆ. ಅದನ್ನು ಸಂಖ್ಯೆಯಾಗಿ ಪರಿವರ್ತಿಸುವುದು ಬರೆಯುವವರ ಹೊಣೆ. ಮರೆತರೆ "64" + "10" ಎಂಬುದು 74 ಆಗುವುದಿಲ್ಲ. ಮಾಲೆಗೆ ಮಾಲೆ ಸೇರಿ "6410" ಆಗುತ್ತದೆ. ಹೋಲಿಕೆಯಲ್ಲಿ ಇನ್ನೂ ಅಪಾಯವುಂಟು. ಮಾಲೆಗಳನ್ನು ನಿಘಂಟಿನ ಪದಗಳಂತೆ ಎಡಗಡೆಯ ಮೊದಲ ಅಕ್ಷರದಿಂದ ಹೋಲಿಸಲಾಗುತ್ತದೆ. ಹರಾಜಿನಲ್ಲಿ ಒಬ್ಬರು 980 ರೂಪಾಯಿ, ಇನ್ನೊಬ್ಬರು 1020 ರೂಪಾಯಿ ಕೂಗಿದರೆನ್ನೋಣ. ಈ ಬೆಲೆಗಳು ಮಾಲೆಗಳಾಗಿಯೇ ಉಳಿದಿದ್ದರೆ, "9" ಎಂಬುದು "1"ಕ್ಕಿಂತ ಮುಂದಿನದಾದುದರಿಂದ, "980" ಎಂಬುದೇ ದೊಡ್ಡದೆಂದು ಯಂತ್ರವು ತೀರ್ಪು ಕೊಡುತ್ತದೆ! ಕಿಲೋಗೆ 40 ರೂಪಾಯಿಯಂತೆ ನಮ್ಮ 64.25 ಕಿಲೋ ಗೂಡಿನ ಮೇಲೆ ರೈತನಿಗೆ 2,570 ರೂಪಾಯಿ ನಷ್ಟ. ಯಂತ್ರ ನಿಲ್ಲುವುದಿಲ್ಲ, ಗಂಟೆ ಬಾರಿಸುವುದಿಲ್ಲ, ತಪ್ಪೆಂದು ಹೇಳುವುದೂ ಇಲ್ಲ. ಸದ್ದಿಲ್ಲದ ತಪ್ಪೇ ಎಲ್ಲಕ್ಕಿಂತ ಕೆಟ್ಟ ತಪ್ಪು.

ಈ ಪರಿವರ್ತನೆಯಲ್ಲಿ ಕನ್ನಡಿಗರಿಗೆ ಸಂತೋಷವಾಗುವಂಥ ಒಂದು ಮಾತನ್ನೂ ಹೇಳಬೇಕು. "೫೬೩೧೨೮" ಎಂದು ಕನ್ನಡದ ಅಂಕಿಗಳಲ್ಲಿ ಬರೆದ ಮಾಲೆಯನ್ನು ಕೊಟ್ಟರೂ 'ಇಂಟ್' ಎಂಬ ಆಜ್ಞೆಯು ಅದನ್ನು ಸರಿಯಾಗಿ ಓದಿ 563128 ಎಂಬ ಪೂರ್ಣಾಂಕವನ್ನು ಕೊಡುತ್ತದೆ. ಆದರೆ ಕ್ರಮವಿಧಿಯೊಳಗೆ ಉದ್ಧರಣ ಚಿಹ್ನೆಯಿಲ್ಲದೆ ಕನ್ನಡ ಅಂಕಿಗಳನ್ನು ಬರೆದರೆ ಪೈಥಾನ್ ಒಪ್ಪುವುದಿಲ್ಲ.

ಹೌದು, ಅಲ್ಲ, ಏನೂ ಇಲ್ಲ

ನಾಲ್ಕನೆಯ ಬಗೆಗೆ 'ಬೂಲ್' ಎಂದು ಹೆಸರು. ತರ್ಕವನ್ನು ಬೀಜಗಣಿತದಂತೆ ನಡೆಸಬಹುದೆಂದು ತೋರಿಸಿದ ಜಾರ್ಜ್ ಬೂಲ್ ಎಂಬ ಇಂಗ್ಲೆಂಡಿನ ಗಣಿತಜ್ಞರ ನೆನಪಿಗಾಗಿ ಈ ಹೆಸರು ಬಂದಿದೆ. ಅವರ ಮುಖ್ಯ ಗ್ರಂಥವು ಅಚ್ಚಾದುದು 1854ರಲ್ಲಿ. ಈ ಬಗೆಯಲ್ಲಿ ಇರುವುದು ಎರಡೇ ಬೆಲೆಗಳು: ನಿಜ ಮತ್ತು ಸುಳ್ಳು. 1020 > 980 ಎಂದು ಬರೆದರೆ ಪೈಥಾನ್ ನಿಜವೆಂದು ಉತ್ತರಿಸುತ್ತದೆ. ಪೈಥಾನಿನಲ್ಲಿ ನಿಜವು ಒಂದಕ್ಕೆ ಸಮ, ಸುಳ್ಳು ಸೊನ್ನೆಗೆ ಸಮ. ಆದುದರಿಂದ ಹರಾಜಾದ ಲಾಟುಗಳೆಷ್ಟು ಎಂದು ತಿಳಿಯಲು ಉತ್ತರಗಳನ್ನೆಲ್ಲ ಕೂಡಿಬಿಟ್ಟರೆ ಸಾಕು.

ಇಲ್ಲಿಯೂ ಒಂದು ಹೊಂಡವಿದೆ. ಲಾಟು ಮಾರಾಟವಾಯಿತೇ ಎಂಬ ಅಂಕಣದಲ್ಲಿ ಸುಳ್ಳು ಎಂಬ ಬೂಲ್ ಬೆಲೆಯನ್ನು ಇಡುವ ಬದಲು "ಇಲ್ಲ" ಎಂಬ ಅಕ್ಷರಮಾಲೆಯನ್ನು ಇಟ್ಟರೆ ಪೈಥಾನ್ ಅದನ್ನು ನಿಜವೆಂದು ಗಣಿಸುತ್ತದೆ! ಏಕೆಂದರೆ ಅದು ಮಾತಿನ ಅರ್ಥವನ್ನು ಅರಿಯದು. ಮಾಲೆ ಬರಿದಾಗಿದ್ದರೆ ಸುಳ್ಳು, ಏನಾದರೂ ಇದ್ದರೆ ನಿಜ ಎಂಬುದೇ ಅದರ ನಿಯಮ. "0" ಎಂಬ ಮಾಲೆಗೂ ಇದೇ ಗತಿ.

ಕೊನೆಯದಾಗಿ 'ನನ್' ಎಂಬ ಒಂದು ವಿಶೇಷವಾದ ಬೆಲೆಯಿದೆ. ಏನೂ ಇಲ್ಲ, ಇನ್ನೂ ತಿಳಿದಿಲ್ಲ ಎಂಬುದನ್ನು ಇದು ಸೂಚಿಸುತ್ತದೆ. ಇದು ಸೊನ್ನೆಯಲ್ಲ. ಮೂರು ಲಾಟುಗಳಲ್ಲಿ ಒಂದಕ್ಕೆ 1020, ಇನ್ನೊಂದಕ್ಕೆ 980 ರೂಪಾಯಿ ದರ ಸಿಕ್ಕಿ, ಮೂರನೆಯ ರೈತನು ಕೂಗಿದ ಬೆಲೆಗೆ ಒಪ್ಪದೆ ಗೂಡನ್ನು ಕೊಡಲಿಲ್ಲವೆನ್ನೋಣ. ಅವನ ದರವನ್ನು ಸೊನ್ನೆಯೆಂದು ಬರೆದರೆ ಆ ದಿನದ ಸರಾಸರಿ ದರ 666 ರೂಪಾಯಿ ಚಿಲ್ಲರೆಗೆ ಇಳಿಯುತ್ತದೆ. ಮಾರುಕಟ್ಟೆ ಕುಸಿಯಿತೆಂದು ಕೇಳಿದವರು ಗಾಬರಿಗೊಳ್ಳುತ್ತಾರೆ. 'ನನ್' ಎಂದು ಬರೆದರೆ ಪೈಥಾನ್ ಅದನ್ನು ಸಂಖ್ಯೆಗಳೊಡನೆ ಕೂಡಲು ಒಪ್ಪುವುದಿಲ್ಲ. ಆಗ ನಾವು ಆ ಲಾಟನ್ನು ಬೇರೆಯಿಟ್ಟು ಉಳಿದೆರಡರ ನಿಜವಾದ ಸರಾಸರಿ 1000 ಎಂದು ಕಂಡುಕೊಳ್ಳುತ್ತೇವೆ. ಸೊನ್ನೆ ಒಂದು ಉತ್ತರ. 'ನನ್' ಎಂಬುದು ಉತ್ತರವಿಲ್ಲವೆಂಬ ಪ್ರಾಮಾಣಿಕವಾದ ಹೇಳಿಕೆ.

ಕೇಳಬೇಕಾದ ಪ್ರಶ್ನೆಗಳು

ಪಟ್ಟಿ, ಕೋಶ, ಗಣ ಮುಂತಾದ ಹಿರಿಯ ಬಗೆಗಳೂ ಪೈಥಾನಿನಲ್ಲಿ ಇವೆ. ಅವೆಲ್ಲವೂ ಈ ಮೂಲ ಬಗೆಗಳನ್ನು ಜೋಡಿಸಿ ಕಟ್ಟಿದ ಮನೆಗಳು. ಇಟ್ಟಿಗೆ ಸರಿಯಾಗಿದ್ದರೆ ಗೋಡೆ ನಿಲ್ಲುತ್ತದೆ. ಆದುದರಿಂದ ಯಾವ ಮಾಹಿತಿಯನ್ನೇ ಆಗಲಿ ಯಂತ್ರಕ್ಕೆ ಕೊಡುವ ಮೊದಲು ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು. ಇದನ್ನು ಎಣಿಸುತ್ತೇವೆಯೋ, ಅಳೆಯುತ್ತೇವೆಯೋ? ಇಂಥ ಎರಡನ್ನು ಕೂಡಿದರೆ ಬರುವ ಉತ್ತರಕ್ಕೆ ಅರ್ಥವುಂಟೋ, ಇಲ್ಲವೋ? ಹೌದು-ಅಲ್ಲವೆಂಬುದಷ್ಟೇ ಸಾಕೋ? ಉತ್ತರವೇ ಇಲ್ಲದಿರುವ ಸಂಭವವುಂಟೋ? ಈ ಪ್ರಶ್ನೆಗಳಿಗೆ ಪೈಥಾನ್ ಉತ್ತರ ಹೇಳಲಾರದು. ಗೂಡು, ತಕ್ಕಡಿ, ಹರಾಜು, ಖಾತೆ ಇವೆಲ್ಲ ಏನೆಂದು ತಿಳಿದ ಮನುಷ್ಯರೇ ಹೇಳಬೇಕು.

ಈ ಲೇಖನವನ್ನು ಓದಿದ ವಿದ್ಯಾರ್ಥಿಗಳು ಶಾಲೆಯ ಗಣಕಯಂತ್ರದ ಮುಂದೆ ಕುಳಿತು ತಮ್ಮ ಮನೆಯ ಯಾವುದಾದರೊಂದು ಚೀಟಿಯನ್ನು, ಹಾಲಿನ ಡೇರಿಯದೋ, ಟೊಮೇಟೊ ಮಂಡಿಯದೋ, ವಿದ್ಯುತ್ತಿನ ಬಿಲ್ಲೋ, ಮೇಲೆ ತೋರಿಸಿದಂತೆ ಬರೆದು ನೋಡಬೇಕು. ಒಂದೊಂದು ಬೆಲೆಯ ಬಗೆಯನ್ನೂ ಪೈಥಾನನ್ನು ಕೇಳಿ ತಿಳಿದುಕೊಳ್ಳಬೇಕು. ಎಲ್ಲಿ ತಮ್ಮ ಉತ್ತರವೂ ಯಂತ್ರದ ಉತ್ತರವೂ ಬೇರೆಬೇರೆಯಾಗುತ್ತವೆಯೋ ಅಲ್ಲಿ ನಿಂತು ಯೋಚಿಸಬೇಕು. ನಾಳೆ ಇದೇ ಸೀಮೆಯ ಮಾರುಕಟ್ಟೆಗೆ ಕ್ರಮವಿಧಿಯನ್ನು ಬರೆಯುವವರು ಅವರೇ ಆಗಬಹುದು. ಆಗ ಅವರು ಹಾಕುವ, ಅಥವಾ ಹಾಕಲು ಮರೆಯುವ, ಎರಡು ಉದ್ಧರಣ ಚಿಹ್ನೆಗಳ ಮೇಲೆ ಕೈವಾರದ ಒಂದು ಮನೆಯ ಆ ತಿಂಗಳ ಅನ್ನ ನಿಂತಿರುತ್ತದೆ.